ಪಾಟರಿ ಸ್ಟುಡಿಯೋ ಮೇಳಕ್ಕೆ ಹೊರಡುವ ಮುನ್ನ: ಅರ್ಜಿಯಿಂದ ವಾಪಸ್ ಪ್ಯಾಕಿಂಗ್‌ವರೆಗೆ

ಪುಟ್ಟದೊಂದು ಪಾಟರಿ ಸ್ಟುಡಿಯೋ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಮೇಳದಲ್ಲಿ ಸ್ಟಾಲ್ ಹಾಕೋಣ ಅಂತಿದ್ದೇವೆ, ಎಲ್ಲಿಂದ ಶುರು ಮಾಡೋದು?" ಅದರ ಬೆನ್ನಿಗೇ ಇನ್ನೊಂದು: "ಗ್ಯಾಲರಿ ಪ್ರದರ್ಶನಕ್ಕೆ ಕೊಡೋದು ಹೇಗೆ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕರ್ನಾಟಕದಲ್ಲಿ ಒಂದಿಬ್ಬರು, ಹೆಚ್ಚೆಂದರೆ ನಾಲ್ಕು ಜನ ಸೇರಿ ನಡೆಸುವ ಸ್ಟುಡಿಯೋಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಹೆಚ್ಚಿನವರು ಸ್ಟಾಲ್ ಬುಕ್ ಮಾಡಿ ಆಮೇಲೆ ಸಾಮಾನು ಮಾಡಲು ಕೂರುತ್ತಾರೆ. ಅದೇ ತೊಂದರೆಯ ಮೂಲ. ನಿಮ್ಮ ಕಿಲ್ನ್ (ಮಡಕೆ ಸುಡುವ ಗೂಡು) ಎಷ್ಟು ಹಿಡಿಯುತ್ತದೆ, ತಿಂಗಳಿಗೆ ಎಷ್ಟು ಸಲ ಸುಡಬಹುದು ಎಂಬ ಲೆಕ್ಕ ಮೊದಲು. ಯಾವ ಮೇಳ, ಎಷ್ಟು ದಿನ, ಎಷ್ಟು ದೊಡ್ಡ ಸ್ಟಾಲ್ ಎಂಬುದು ಆ ಲೆಕ್ಕದಿಂದ ತಾನಾಗಿ ಹೊರಡುತ್ತದೆ.

1. ಮೇಳವೋ, ಪ್ರದರ್ಶನವೋ: ಮೊದಲು ತೀರ್ಮಾನಿಸಿ

ಎರಡೂ ಒಂದೇ ಥರ ಕಂಡರೂ ಕೆಲಸ ಬೇರೆ ಬೇರೆ. ಕರಕುಶಲ ಮೇಳದಲ್ಲಿ ಜನ ಬಳಸುವ ವಸ್ತು ಕೊಳ್ಳಲು ಬರುತ್ತಾರೆ. ಮಗ್, ಬಟ್ಟಲು, ಹೂಕುಂಡ, ಹಣತೆ. ಬಾಡಿಗೆ ನಿಮ್ಮದು, ಮಾರಿದ ದುಡ್ಡೂ ನಿಮ್ಮದು. ಕಲಾ ಪ್ರದರ್ಶನದಲ್ಲಿ ಹತ್ತೋ ಹದಿನೈದೋ ಕೃತಿಗಳು ಸಾಕು. ಆಯ್ಕೆ ಸಮಿತಿ ಇರುತ್ತದೆ, ಮಾರಾಟವಾದರೆ ಗ್ಯಾಲರಿ ತನ್ನ ಪಾಲು ಹಿಡಿಯುತ್ತದೆ. ಅಲ್ಲಿ ಒಂದು ಮಗ್‌ಗೆ ಬೆಲೆ ಚೀಟಿ ಅಂಟಿಸಿ ಇಡಲು ಆಗುವುದಿಲ್ಲ, ಮೇಳದಲ್ಲಿ ನಿಮ್ಮ ಮೂರಡಿ ಎತ್ತರದ ಶಿಲ್ಪವನ್ನು ನೋಡಿ "ಇದರಲ್ಲಿ ಏನು ಹಾಕೋದು?" ಎಂದು ಕೇಳುತ್ತಾರೆ.

ಈ ಗೊಂದಲ ಬೆಂಗಳೂರಿನ ಒಂದೇ ವಿಳಾಸದಲ್ಲಿ ಕಾಣುತ್ತದೆ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು ಬಹಳ ವರ್ಷಗಳಿಂದ ಜನವರಿಯ ಒಂದು ಭಾನುವಾರ ಚಿತ್ರಸಂತೆ ನಡೆಸುತ್ತಿದೆ. ಅದು ಮುಖ್ಯವಾಗಿ ಚಿತ್ರ ಕಲಾವಿದರ ಸಂತೆ. ಅದೇ ಪರಿಷತ್ತಿನ ಆವರಣದಲ್ಲಿ ವರ್ಷದ ಬೇರೆ ದಿನಗಳಲ್ಲಿ ಬೇರೆ ಬೇರೆ ಸಂಘಟಕರು ಕರಕುಶಲ ಮೇಳ ನಡೆಸುತ್ತಾರೆ. ಒಳಗಿನ ಗ್ಯಾಲರಿಗಳಲ್ಲಿ ಪ್ರದರ್ಶನಗಳು ನಡೆಯುತ್ತವೆ. ಮೂರಕ್ಕೂ ಅರ್ಜಿ ಬೇರೆ, ನಿಯಮ ಬೇರೆ. "ಪರಿಷತ್ತಿನಲ್ಲಿ ಹಾಕಬೇಕು" ಅಂದರೆ ಸಾಲದು, ಯಾವುದರಲ್ಲಿ ಎಂಬುದನ್ನು ತಿಳಿದುಕೊಂಡು ಹೋಗಿ.

ಮೊದಲ ವರ್ಷ ಎರಡನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಕೈಯಲ್ಲಿ ದಿನಬಳಕೆಯ ಸಾಮಾನು ಜಾಸ್ತಿ ಇದ್ದರೆ ಮೇಳವೇ ಸರಿ.

2. ಜಾಗ ಹುಡುಕಿ, ಒಮ್ಮೆ ಸುಮ್ನೆ ಸುತ್ತಿ ಬನ್ನಿ

ಹತ್ತಿರದಿಂದ ಶುರು ಮಾಡಿ. ಮೈಸೂರಿನಲ್ಲಿ ಜೆಎಸ್‌ಎಸ್ ಅರ್ಬನ್ ಹಾತ್, ಮಂಗಳೂರಿನಲ್ಲಿ ಪಿಲಿಕುಳದ ಅರ್ಬನ್ ಹಾತ್ ಇವೆ. ಅರ್ಬನ್ ಹಾತ್ ಎಂದರೆ ಕುಶಲಕರ್ಮಿಗಳಿಗೆ ಸರದಿಯ ಮೇಲೆ ಮಳಿಗೆ ಕೊಡುವ ಕಾಯಂ ಸಂತೆ ಜಾಗ. ಮೈಸೂರಿನ ದಸರಾ ವಸ್ತುಪ್ರದರ್ಶನವೂ ಇದೆ. ಆದರೆ ಅದು ವಾರಗಟ್ಟಲೆ ನಡೆಯುವಂಥದ್ದು. ಅಷ್ಟು ದಿನ ಮಳಿಗೆಯಲ್ಲಿ ಕೂರುವ ಜನ ನಿಮ್ಮಲ್ಲಿ ಇದ್ದಾರಾ? ಇಬ್ಬರೇ ಇರುವ ಸ್ಟುಡಿಯೋ ಆಗಿದ್ದರೆ ಅಷ್ಟೂ ದಿನ ತಿಗರಿ (ಕುಂಬಾರರ ಚಕ್ರ) ಸುಮ್ಮನೆ ನಿಂತಿರುತ್ತದೆ.

ಎರಡು ಮೂರು ಮೇಳ ಮಾಡಿದ ಮೇಲೆ ಹೊರಗಿನವುಗಳ ಕಡೆ ನೋಡಬಹುದು. ದಿಲ್ಲಿಯ ಐಎನ್‌ಎ ಬಳಿಯ ದಿಲ್ಲಿ ಹಾತ್ 1994ರಿಂದ ಇದೆ. ಹರಿಯಾಣದ ಸೂರಜ್‌ಕುಂಡ್ ಮೇಳ 1987ರಲ್ಲಿ ಶುರುವಾಗಿದ್ದು, ಪ್ರತಿ ಫೆಬ್ರವರಿಯಲ್ಲಿ ನಡೆಯುತ್ತದೆ. ಆದರೆ ಒಂದು ಮಾತು. ಸೀರೆ ಮಾರುವವರು ಎರಡು ಸೂಟ್‌ಕೇಸ್ ಹಿಡಿದು ರೈಲು ಹತ್ತುತ್ತಾರೆ. ನಿಮ್ಮದು ಭಾರದ ಸಾಮಾನು, ಒಡೆಯುವ ಸಾಮಾನು. ಸಾಗಣೆ ಖರ್ಚಿನಲ್ಲೇ ಲಾಭ ಕರಗಿ ಹೋಗುವ ಸಾಧ್ಯತೆ ನಮ್ಮ ಕಸುಬಿನಲ್ಲಿ ಬೇರೆಲ್ಲರಿಗಿಂತ ಜಾಸ್ತಿ.

ಅರ್ಜಿ ಹಾಕುವ ಮುನ್ನ ಆ ಮೇಳಕ್ಕೆ ಒಮ್ಮೆ ಗಿರಾಕಿಯಾಗಿ ಹೋಗಿ ಬನ್ನಿ. ಜನರ ಕೈಯಲ್ಲಿ ಯಾವ ಚೀಲ ಇದೆ ನೋಡಿ. ಮಸಾಲೆ ದೋಸೆ ತಿಂದು, ಫೋಟೊ ಹೊಡೆದುಕೊಂಡು ಹೋಗುವ ಜನವಾ, ಅಥವಾ ಕೈತುಂಬ ಕಟ್ಟಿಸಿಕೊಂಡು ಹೋಗುವ ಜನವಾ? ಬೇರೆ ಸೆರಾಮಿಕ್ ಸ್ಟಾಲ್ ಎಷ್ಟಿವೆ, ಅವರ ಮಗ್ ಬೆಲೆ ಎಷ್ಟು ಎಂದೂ ನೋಡಿಕೊಳ್ಳಿ. ಮಳಿಗೆಯವರನ್ನು ಮಧ್ಯಾಹ್ನ ಬಿಡುವಿನ ಹೊತ್ತಿನಲ್ಲಿ ಮಾತಾಡಿಸಿದರೆ ಸಂಘಟಕರ ಬಗ್ಗೆ ಎಲ್ಲಾ ಹೇಳುತ್ತಾರೆ. ನೀರು ಇದೆಯಾ, ರಾತ್ರಿ ಕಾವಲು ಇದೆಯಾ, ಗಾಡಿ ಸ್ಟಾಲ್ ಹತ್ತಿರ ಬರುತ್ತದಾ, ಹೇಳಿದಷ್ಟು ಪ್ರಚಾರ ಮಾಡುತ್ತಾರಾ.

ಎಚ್ಚರಿಕೆ: ಮೊದಲ ಬಾರಿಗೆ ನಡೆಯುವ ಮೇಳಕ್ಕೆ ಪೂರ್ತಿ ಬಾಡಿಗೆ ಮುಂಗಡ ಕಟ್ಟುವ ಮುನ್ನ ರದ್ದಾದರೆ ಹಣ ವಾಪಸ್ ಬರುತ್ತದಾ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ವಾಟ್ಸಾಪ್‌ನಲ್ಲಾದರೂ ಸರಿ.

3. ಕಾಗದಪತ್ರ ಹೊಂದಿಸಿ

ಸರ್ಕಾರಿ ಮೇಳಗಳಿಗೆ ಮುಖ್ಯವಾಗಿ ಬೇಕಾದದ್ದು 'ಪೆಹಚಾನ್' ಕಾರ್ಡ್. ಇದು ಕೇಂದ್ರ ಜವಳಿ ಸಚಿವಾಲಯದ ಕೆಳಗಿನ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಕುಶಲಕರ್ಮಿ ಗುರುತಿನ ಚೀಟಿ. ದಿಲ್ಲಿ ಹಾತ್‌ನ ಮಳಿಗೆ ಹಂಚಿಕೆಗೆ, 'ಗಾಂಧಿ ಶಿಲ್ಪ ಬಜಾರ್' ಹೆಸರಿನ ಮೇಳಗಳಿಗೆ ಇದನ್ನು ಕೇಳುತ್ತಾರೆ. ಕಾರ್ಡ್ ಸಿಗುವುದು ವ್ಯಕ್ತಿಯ ಹೆಸರಿಗೆ, ಸ್ಟುಡಿಯೋ ಹೆಸರಿಗಲ್ಲ. ನೀವೇ ಕೈಯಾರೆ ಕೆಲಸ ಮಾಡುವವರು ಎಂಬುದನ್ನು ಅಧಿಕಾರಿಗಳು ಖಾತ್ರಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಮೇಳ ಕಣ್ಣೆದುರು ಬಂದಾಗ ಓಡಾಡಿದರೆ ಆಗುವುದಿಲ್ಲ. ಈಗಲೇ ಅರ್ಜಿ ಹಾಕಿ ಇಟ್ಟುಕೊಳ್ಳಿ.

ಮನೆತನದಿಂದ ಕುಂಬಾರಿಕೆ ಮಾಡಿಕೊಂಡು ಬಂದವರು ಪಿಎಂ ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಸಲಕರಣೆಗೆ 15,000 ರೂಪಾಯಿವರೆಗೆ ಸಹಾಯ ಇದೆ. ಒಂದು ಮನೆಯಿಂದ ಒಬ್ಬರಿಗೆ ಮಾತ್ರ.

ಇನ್ನು ಜಿಎಸ್‌ಟಿ. ಇಲ್ಲಿ ಸ್ಟುಡಿಯೋದವರು ಎಡವುವ ಜಾಗ ಒಂದಿದೆ. ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ ಎಂಬ ಮಾತು ಎಲ್ಲರ ಬಾಯಲ್ಲಿದೆ. ಆ ಮಿತಿ ಬರೀ ಸರಕು ಮಾರುವವರಿಗೆ. ನೀವು ಮಡಕೆ ಮಾರುವುದರ ಜೊತೆಗೆ ವಾರಾಂತ್ಯದ ತಿಗರಿ ತರಗತಿಯನ್ನೂ ನಡೆಸುತ್ತೀರಿ ಅಲ್ವಾ? ತರಗತಿ ಶುಲ್ಕ ಸೇವೆಯ ಲೆಕ್ಕಕ್ಕೆ ಬರುತ್ತದೆ. ಆಗ ನಿಮ್ಮ ಒಟ್ಟು ವಹಿವಾಟಿಗೆ ಮಿತಿ 20 ಲಕ್ಷ.

ಹೊರ ರಾಜ್ಯದ ಮೇಳಕ್ಕೆ ಹೋಗುವುದಾದರೆ ಸಾಮಾನ್ಯವಾಗಿ ಅಲ್ಲಿಗೆಂದೇ ತಾತ್ಕಾಲಿಕ ನೋಂದಣಿ ಮಾಡಿಸಬೇಕು. ಕೈಕೆಲಸದ ಸರಕಿಗೆ ವಹಿವಾಟಿನ ಮಿತಿಯೊಳಗೆ ಇದರಿಂದ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಬಳಸಿದರೆ ಪ್ಯಾನ್ ಇರಬೇಕು, ಇ-ವೇ ಬಿಲ್ ಕೂಡ ಇರಲೇಬೇಕು. ಇ-ವೇ ಬಿಲ್ ಎಂದರೆ ಸರಕು ಸಾಗಿಸುವಾಗ ಆನ್‌ಲೈನ್‌ನಲ್ಲಿ ಮಾಡಿಕೊಳ್ಳುವ ಚೀಟಿ. ಮಾಮೂಲಾಗಿ ಇದು 50,000 ರೂಪಾಯಿ ದಾಟಿದ ಸರಕಿಗೆ. ವಿನಾಯಿತಿ ಪಡೆದ ಕೈಕೆಲಸದ ಸರಕು ರಾಜ್ಯದ ಗಡಿ ದಾಟುವಾಗ ಮಾತ್ರ ಬೆಲೆ ಎಷ್ಟೇ ಇದ್ದರೂ ಬೇಕು. ದಾರಿಯ ತಪಾಸಣೆಯಲ್ಲಿ ಮಡಕೆ ಡಬ್ಬ ಬಿಚ್ಚಿಸಿಕೊಳ್ಳುವ ಪರಿಸ್ಥಿತಿ ಯಾರಿಗೂ ಬೇಡ. ಹೊರಡುವ ಮುನ್ನ ನಿಮ್ಮ ಲೆಕ್ಕಿಗರ ಜೊತೆ ಕೂತು ಮಾತಾಡಿ.

4. ಬೆಲೆ ಕಟ್ಟುವ ಮುನ್ನ ಮೇಳದ ಖರ್ಚು ಕೂಡಿಸಿ

ಒಂದು ಮಾದರಿ ಲೆಕ್ಕ ಕೊಡುತ್ತೇನೆ. ಅಂಕಿಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಮೂರು ದಿನದ ಮೇಳ. ಬಾಡಿಗೆ 6,000. ಗಾಡಿ ಹೋಗಿ ಬರಲು 3,000. ಇಬ್ಬರು ಸಹಾಯಕರಿಗೆ ದಿನಕ್ಕೆ 700ರಂತೆ 4,200. ಪ್ಯಾಕಿಂಗ್ ಮತ್ತು ಚೀಲ 2,000. ಊಟ, ಕಾಫಿ, ಪಾರ್ಕಿಂಗ್ 1,800. ಒಟ್ಟು 17,000 ರೂಪಾಯಿ.

ನಿಮ್ಮ ಮಗ್ ಬೆಲೆ 450, ಮಾಡಲು ತಗಲುವ ಖರ್ಚು 220 ಅಂದುಕೊಳ್ಳಿ. ಉಳಿಯುವುದು 230. ಬರೀ ಮೇಳದ ಖರ್ಚು ಹುಟ್ಟಬೇಕಾದರೆ 74 ಮಗ್ ಮಾರಬೇಕು. ಲಾಭ ಶುರುವಾಗುವುದು 75ನೆಯದರಿಂದ.

ಮಾಡುವ ಖರ್ಚು ಹಿಡಿಯುವಾಗ ಮಣ್ಣು, ಗ್ಲೇಜ್ (ಸುಟ್ಟಾಗ ಗಾಜಿನಂತೆ ಹೊದಿಕೆಯಾಗುವ ಲೇಪ), ಕರೆಂಟು ಬರೆದು ಕೈ ತೊಳೆದುಕೊಳ್ಳುವವರೇ ಹೆಚ್ಚು. ನಿಮ್ಮ ದುಡಿಮೆಗೆ ಗಂಟೆಗೆ ಇಷ್ಟು ಅಂತ ಹಾಕಿ. ಒಡೆದದ್ದು, ಸೀಳಿದ್ದು, ಗ್ಲೇಜ್ ಹರಿದು ಕಿಲ್ನ್ ಹಲಗೆಗೆ ಅಂಟಿಕೊಂಡದ್ದು, ಇವುಗಳ ಖರ್ಚನ್ನು ಉಳಿದ ಒಳ್ಳೆಯ ಸಾಮಾನಿನ ಮೇಲೆ ಹಂಚಿ. ಇನ್ನೊಂದು: ಸ್ಟುಡಿಯೋದಲ್ಲಿ ಒಂದು ಬೆಲೆ, ಮೇಳದಲ್ಲಿ ಇನ್ನೊಂದು ಬೆಲೆ ಇಡಬೇಡಿ. ಗಿರಾಕಿಗಳು ಫೋಟೊ ಇಟ್ಟುಕೊಂಡಿರುತ್ತಾರೆ.

5. ಮೇಳದ ದಿನದಿಂದ ಹಿಂದಕ್ಕೆ ಎಣಿಸಿ

ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಕಥೆ ನೇಕಾರರದ್ದು. ಅವರಾದರೂ ರಾತ್ರಿ ಕೂತು ಮೂರು ಮೊಳ ನೇಯ್ದಾರು. ಕುಂಬಾರಿಕೆಯಲ್ಲಿ ಅದೂ ಸಾಧ್ಯವಿಲ್ಲ. ಹಸಿ ಮಣ್ಣು ಒಣಗಲು ಅದರದ್ದೇ ಹೊತ್ತು ಬೇಕು, ಕಿಲ್ನ್ ಆರಲು ಅದರದ್ದೇ ಹೊತ್ತು ಬೇಕು.

ಸ್ಟೋನ್‌ವೇರ್ ಮಾಡುವವರ ದಾರಿ ಸುಮಾರಾಗಿ ಹೀಗಿರುತ್ತದೆ. ಸ್ಟೋನ್‌ವೇರ್ ಎಂದರೆ 1,200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಸುಡುವ, ಕಲ್ಲಿನಂತೆ ಗಟ್ಟಿಯಾಗುವ ಮಣ್ಣು. ತಿಗರಿಯಿಂದ ಇಳಿಸಿದ ಮೇಲೆ ಒಣಗಲು ಒಂದರಿಂದ ಎರಡು ವಾರ. ಆಮೇಲೆ ಬಿಸ್ಕ್, ಅಂದರೆ ಗ್ಲೇಜ್ ಹಚ್ಚುವ ಮುನ್ನ 900ರಿಂದ 1,000 ಡಿಗ್ರಿವರೆಗಿನ ಮೊದಲ ಸುಡುವಿಕೆ. ಕಾಯಿಸಿ ಆರಿಸಲು ಎರಡು ದಿನ ಹಿಡಿಯಿರಿ. ಗ್ಲೇಜ್ ಹಚ್ಚಲು, ಬುಡ ಒರೆಸಲು ಎರಡು ದಿನ. ಮತ್ತೆ ಗ್ಲೇಜ್ ಸುಡಲು, ಆರಿಸಲು ಎರಡು ದಿನ. ಮೂರು ವಾರ ಇಲ್ಲಿಗೇ ಆಯಿತು.

ಈಗ ಹಿಂದಿನ ಹಂತದ 74 ಮಗ್ ನೆನಪಿಸಿಕೊಳ್ಳಿ. ಒಳಗೆ ಒಂದೂವರೆ ಅಡಿ ಉದ್ದ, ಅಗಲ, ಎತ್ತರ ಇರುವ ಸಣ್ಣ ಎಲೆಕ್ಟ್ರಿಕ್ ಕಿಲ್ನ್ ನಿಮ್ಮದು ಎಂದಿಟ್ಟುಕೊಳ್ಳಿ. ಬಿಸ್ಕ್‌ನಲ್ಲಿ ಒಂದರೊಳಗೊಂದು, ಒಂದರ ಮೇಲೊಂದು ಇಡಬಹುದು. ಗ್ಲೇಜ್ ಸುಡುವಾಗ ಹಾಗಿಲ್ಲ. ತಾಗಿದರೆ ಅಂಟಿಕೊಳ್ಳುತ್ತವೆ. ಹಿಡಿಕೆ ಇರುವ ಮಗ್ ಹಲಗೆಯೊಂದಕ್ಕೆ ಒಂಬತ್ತು ಹತ್ತು. ಮೂರು ಹಲಗೆಗೆ ಹೆಚ್ಚೆಂದರೆ 30. ಅಂದರೆ ಖರ್ಚು ಹುಟ್ಟಿಸುವ ಮಗ್‌ಗಳಿಗೇ ಮೂರು ಸಲ ಗ್ಲೇಜ್ ಸುಡಬೇಕು. ಲಾಭದ ಸಾಮಾನಿಗೆ ಇನ್ನೂ ಎರಡು ಮೂರು ಸಲ. ಬಿಸ್ಕ್ ಸರದಿಗಳು ಬೇರೆ. ಮಧ್ಯೆ ಒಂದು ದಿನ ಕರೆಂಟು ಕೈಕೊಡುತ್ತದೆ, ಲೆಕ್ಕದಲ್ಲಿ ಅದಕ್ಕೂ ಜಾಗ ಇರಲಿ.

ಹೀಗೆ ಎಣಿಸಿದರೆ ಜನವರಿ ಮಧ್ಯದ ಮೇಳಕ್ಕೆ ನವೆಂಬರ್‌ನಲ್ಲೇ ತಿಗರಿ ತಿರುಗುತ್ತಿರಬೇಕು. ಡಿಸೆಂಬರ್ 15ರ ನಂತರ ಹೊಸ ಸಾಮಾನು ಶುರು ಮಾಡಬೇಡಿ. ದೀಪಾವಳಿ ಮೇಳದವರ ಪಾಡು ಇನ್ನೂ ಕಷ್ಟ. ಅವರ ಸಾಮಾನು ಒಣಗಬೇಕಾದದ್ದು ಮಳೆಗಾಲದಲ್ಲಿ. ಮಲೆನಾಡು, ಕರಾವಳಿಯಲ್ಲಿ ಎರಡು ವಾರ ಕಳೆದರೂ ಬಟ್ಟಲಿನ ಬುಡ ಕೆನ್ನೆಗೆ ಒತ್ತಿದರೆ ತಣ್ಣಗಿರುತ್ತದೆ. ತಣ್ಣಗಿದ್ದರೆ ಒಳಗೆ ನೀರಿದೆ ಎಂದರ್ಥ. ಆ ಸ್ಥಿತಿಯಲ್ಲಿ ಕಿಲ್ನ್‌ಗೆ ಇಟ್ಟು ಬೇಗ ಬೇಗ ಕಾಯಿಸಿದರೆ ನೀರು ಆವಿಯಾಗಿ ಬಟ್ಟಲನ್ನೇ ಸಿಡಿಸುತ್ತದೆ. ಅದರ ಚೂರು ಪಕ್ಕದವನ್ನೂ ಕೆಡಿಸುತ್ತದೆ.

ಎಚ್ಚರಿಕೆ: ಕೊನೆಯ ವಾರದ ಆತುರಕ್ಕೆ ಕಿಲ್ನ್ ಬಾಗಿಲನ್ನು ಬೇಗ ತೆಗೆಯುವುದು ಸಾಮಾನ್ಯ ತಪ್ಪು. 573 ಡಿಗ್ರಿ ಆಸುಪಾಸಿನಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಕಣಗಳು ಥಟ್ಟನೆ ಕುಗ್ಗುತ್ತವೆ. ಆಗ ತಣ್ಣನೆ ಗಾಳಿ ನುಗ್ಗಿದರೆ ಸಾಮಾನು ಬಿರುಕು ಬಿಡುತ್ತದೆ. ಆ ಬಿರುಕು ಎಷ್ಟೋ ಸಲ ಆಗಲೇ ಕಾಣುವುದಿಲ್ಲ. ಗಿರಾಕಿಯ ಮನೆಯಲ್ಲಿ ಬಿಸಿ ಕಾಫಿ ಬಿದ್ದಾಗ ಕಾಣುತ್ತದೆ. ಕೈಯಿಂದ ಆರಾಮಾಗಿ ಎತ್ತುವಷ್ಟು ಆರುವ ತನಕ ಮುಟ್ಟಬೇಡಿ.

ಮೇಳಕ್ಕೆ ಯಾವ ಸಾಮಾನು ಮಾಡಬೇಕು? ನನ್ನ ಪ್ರಕಾರ ನಿಮ್ಮ ಸಮಯದ ಹೆಚ್ಚಿನ ಪಾಲು 500 ರೂಪಾಯಿ ಒಳಗಿನ ಸಣ್ಣ ಸಾಮಾನಿಗೆ ಹೋಗಲಿ: ಮಗ್, ಚಟ್ನಿ ಬಟ್ಟಲು, ಅಗರಬತ್ತಿ ಸ್ಟ್ಯಾಂಡ್, ಉಪ್ಪಿನಕಾಯಿ ಭರಣಿ. ಉಪ್ಪಿನಕಾಯಿ ಭರಣಿ ನಮ್ಮ ಮೇಳಗಳಲ್ಲಿ ನಿಲ್ಲುವ ವಸ್ತುವಲ್ಲ. ಮುಚ್ಚಳ ಸರಿಯಾಗಿ ಕೂರುವಂತೆ ಮಾಡಿದರೆ ಅಮ್ಮಂದಿರು ಎರಡೆರಡು ಒಯ್ಯುತ್ತಾರೆ. ದೊಡ್ಡ ಹೂದಾನಿ ನಾಲ್ಕೈದು ಸಾಕು. ಅವು ಜನರನ್ನು ನಿಲ್ಲಿಸುತ್ತವೆ. ದುಡ್ಡು ತರುವುದು ಅದರ ಪಕ್ಕದ ಬಟ್ಟಲು.

6. ಪ್ರತಿಯೊಂದನ್ನೂ ಪರೀಕ್ಷಿಸಿ

ನಮ್ಮ ಜನ ಮಡಕೆಯನ್ನು ತಟ್ಟಿ ನೋಡದೆ ಕೊಳ್ಳುವುದಿಲ್ಲ. ಅವರು ತಟ್ಟುವ ಮೊದಲು ನೀವು ತಟ್ಟಿ. ಬಟ್ಟಲನ್ನು ಅಂಗೈ ಮೇಲೆ ಸಡಿಲವಾಗಿ ಕೂರಿಸಿಕೊಂಡು ಬೆರಳ ಗೆಣ್ಣಿನಿಂದ ಅಂಚಿನ ಕೆಳಗೆ ಮೆಲ್ಲಗೆ ಹೊಡೆಯಿರಿ. ಚೆನ್ನಾಗಿ ಬೆಂದದ್ದು 'ಠಣ್' ಎಂದು ಸ್ವಲ್ಪ ಹೊತ್ತು ಗುನುಗುತ್ತದೆ. ಕೂದಲೆಳೆಯ ಬಿರುಕಿದ್ದರೂ 'ಬದ್' ಎಂದು ಸದ್ದು ಅಲ್ಲೇ ಸಾಯುತ್ತದೆ. ಅಂಥದ್ದನ್ನು ಪಕ್ಕಕ್ಕಿಡಿ, ರಿಯಾಯಿತಿಗೂ ಮಾರಬೇಡಿ.

ಆಮೇಲೆ ಸೋರುವಿಕೆ. ಹೂದಾನಿ, ಮಗ್, ಭರಣಿಗೆ ನೀರು ತುಂಬಿ ಹಳೇ ಪೇಪರ್ ಮೇಲೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎತ್ತಿದಾಗ ಪೇಪರ್ ಮೇಲೆ ಒದ್ದೆ ಬಳೆ ಮೂಡಿದ್ದರೆ ಅದು ನೀರಿಗೆ ಆಗದು.

ಊಟದ ಪಾತ್ರೆಯಾದರೆ ಹುಳಿ ಪರೀಕ್ಷೆ ಬೇಕೇ ಬೇಕು. ಹುಳಿಸಾರು, ಚಿತ್ರಾನ್ನ, ಉಪ್ಪಿನಕಾಯಿ ತಿನ್ನುವ ಜನ ನಾವು. ಪ್ರತಿ ಗ್ಲೇಜ್‌ನ ಒಂದು ಬಟ್ಟಲಿನಲ್ಲಿ ನಿಂಬೆ ಹೋಳನ್ನು ಕವುಚಿ ರಾತ್ರಿ ಬಿಡಿ. ಬೆಳಿಗ್ಗೆ ತೊಳೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹೋಳು ಕೂತಿದ್ದ ಕಡೆ ಬಣ್ಣ ಮಾಸಿದ್ದರೆ, ಹೊಳಪು ಹೋಗಿದ್ದರೆ ಆ ಗ್ಲೇಜ್ ಹುಳಿಗೆ ಕರಗುತ್ತಿದೆ. ಅದನ್ನು ಅಲಂಕಾರಕ್ಕೆ ಮಾತ್ರ ಎಂದು ಬರೆದು ಮಾರಿ. ಈ ಪರೀಕ್ಷೆ ಪಾಸಾಯಿತು ಎಂದ ಮಾತ್ರಕ್ಕೆ ಸೀಸ ಇಲ್ಲ ಎಂದಾಗುವುದಿಲ್ಲ. ಗ್ಲೇಜ್ ಕೊಳ್ಳುವಾಗಲೇ ಸೀಸ ಇಲ್ಲದ್ದನ್ನು ಕೇಳಿ ತನ್ನಿ. 'ಫುಡ್ ಸೇಫ್' ಎಂದು ಬೋರ್ಡ್ ಹಾಕುವುದಾದರೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿಯೇ ಹಾಕಿ.

ಕೊನೆಗೆ ಬುಡ. ಗ್ಲೇಜ್ ಇಲ್ಲದ ಬುಡದ ಉಂಗುರ ಒರಟಾಗಿದ್ದರೆ ಟೇಬಲ್ ಗೀರುತ್ತದೆ. ಕಬ್ಬಿಣದ ಅಂಗಡಿಯಲ್ಲಿ ಸಿಗುವ, ನೀರಲ್ಲಿ ಬಳಸುವ ಉಜ್ಜುಕಾಗದವನ್ನು ಒದ್ದೆ ಮಾಡಿಕೊಂಡು ಉಜ್ಜಿ. ಒಣಗಿದ್ದಾಗ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

7. ಪ್ಯಾಕಿಂಗ್

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮ್ಮ ಕಾಲದಲ್ಲಿ ದೊಣ್ಣೆಯ ಕೆಲಸವನ್ನು ರಸ್ತೆ ಉಬ್ಬುಗಳೇ ಮಾಡುತ್ತವೆ.

ಪ್ರತಿ ಸಾಮಾನನ್ನೂ ಬೇರೆ ಬೇರೆಯಾಗಿ ಪೇಪರ್‌ನಲ್ಲಿ ಸುತ್ತಿ. ಮುಚ್ಚಳವನ್ನು ಭರಣಿಯ ಮೇಲೆ ಇಟ್ಟೇ ಕಟ್ಟಬೇಡಿ, ಅದನ್ನು ಬೇರೆ ಸುತ್ತಿ. ಮಗ್‌ನ ಹಿಡಿಕೆ ಡಬ್ಬದ ಒಳಮುಖಕ್ಕೆ ಇರಲಿ, ಗೋಡೆ ಕಡೆಗಲ್ಲ. ತಟ್ಟೆಗಳನ್ನು ಮಲಗಿಸಿ ಪೇರಿಸಬೇಡಿ, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ. ಮಲಗಿಸಿದರೆ ಮೇಲಿನ ಭಾರವೆಲ್ಲ ಕೆಳಗಿನ ತಟ್ಟೆಯ ನಡುಭಾಗಕ್ಕೆ ಬೀಳುತ್ತದೆ. ಸಂದುಗಳಿಗೆ ಮುದುರಿದ ಪೇಪರ್ ತುಂಬಿ. ಊರಲ್ಲಿ ಇರುವವರಿಗೆ ಒಣ ಭತ್ತದ ಹುಲ್ಲಿಗಿಂತ ಒಳ್ಳೆಯದು, ಅಗ್ಗದ್ದು ಇನ್ನೊಂದಿಲ್ಲ. ಮುಚ್ಚಿದ ಡಬ್ಬವನ್ನು ಮೆಲ್ಲಗೆ ಅಲ್ಲಾಡಿಸಿ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ.

ಒಂದು ಡಬ್ಬ 15 ಕಿಲೋ ಮೀರದಿರಲಿ. ಅದಕ್ಕಿಂತ ಭಾರವಾದರೆ ಹಮಾಲರು ಇಳಿಸುವುದಿಲ್ಲ, ಹಾಕುತ್ತಾರೆ. ಡಬ್ಬಕ್ಕೆ ನಂಬರ್ ಬರೆದು, ಒಳಗೆ ಏನೆಷ್ಟಿದೆ ಎಂಬ ಪಟ್ಟಿಯ ಒಂದು ಪ್ರತಿಯನ್ನು ಫೋನ್‌ನಲ್ಲಿ ಇಟ್ಟುಕೊಳ್ಳಿ. ಮೊದಲು ಬೇಕಾಗುವ ಮೇಜುಬಟ್ಟೆ, ಲೈಟು, ಬೆಲೆ ಚೀಟಿಗಳ ಡಬ್ಬವನ್ನು ಗಾಡಿಗೆ ಕೊನೆಗೆ ಹತ್ತಿಸಿ.

8. ಸ್ಟಾಲ್ ಜೋಡಣೆ

ಸ್ಟಾಲ್ ಅಳತೆ ಗೊತ್ತಾದ ದಿನವೇ ಅಂಗಳದಲ್ಲೋ ತಾರಸಿಯಲ್ಲೋ ರಂಗೋಲಿ ಪುಡಿಯಲ್ಲಿ ಅಷ್ಟೇ ಚೌಕ ಎಳೆಯಿರಿ. ಅದರೊಳಗೆ ಮೇಜು, ಕುರ್ಚಿ, ಶೆಲ್ಫ್ ಇಟ್ಟು ನೋಡಿ. ನೀವು ನಿಲ್ಲಲು ಜಾಗ ಉಳಿಯಿತಾ? ಬೆನ್ನಿಗೆ ಚೀಲ ಹಾಕಿಕೊಂಡು ಬರುವವರು ತಿರುಗಿದರೆ ಏನು ಬೀಳುತ್ತದೆ? ಈ ಎರಡನೇ ಪ್ರಶ್ನೆ ಮುಖ್ಯ. ಬೆನ್ನುಚೀಲದಿಂದ ಒಡೆಯುವಷ್ಟು ಮಡಕೆ ಮಕ್ಕಳಿಂದಲೂ ಒಡೆಯುವುದಿಲ್ಲ.

ಎಲ್ಲವನ್ನೂ ಒಂದೇ ಮಟ್ಟದ ಮೇಜಿನ ಮೇಲೆ ಹರಡಿದರೆ ಪಾತ್ರೆ ಅಂಗಡಿ ಥರ ಕಾಣುತ್ತದೆ. ಹಣ್ಣಿನ ಮರದ ಪೆಟ್ಟಿಗೆ ಕವುಚಿ, ಮೇಲೆ ಬಟ್ಟೆ ಹಾಸಿ ಎರಡು ಮೂರು ಎತ್ತರ ಮಾಡಿ. ಮಡಚುವ ಮೇಜಿನ ಕಾಲುಗಳು ಸ್ಟೋನ್‌ವೇರ್ ಭಾರ ತಡೆಯುತ್ತವಾ ಎಂದು ಮನೆಯಲ್ಲೇ ನೋಡಿಕೊಳ್ಳಿ. ಎತ್ತರದ ಹೂದಾನಿಯೊಳಗೆ ಒಂದಿಷ್ಟು ಮರಳು ಹಾಕಿದರೆ ಗಾಳಿಗೆ ಅಲ್ಲಾಡುವುದಿಲ್ಲ.

ಪ್ರತಿಯೊಂದಕ್ಕೂ ಬೆಲೆ ಚೀಟಿ ಇರಬೇಕು. ಬೆಲೆ ಕೇಳಲು ಸಂಕೋಚ ಪಡುವವರು ಇಟ್ಟು ಹೊರಟುಬಿಡುತ್ತಾರೆ. ಗ್ಲೇಜ್ ಇಲ್ಲದ ಟೆರಾಕೋಟ ಸಾಮಾನಿಗೆ ಮಾತ್ರ ಅಂಟು ಚೀಟಿ ಬೇಡ, ಕಲೆ ಉಳಿಯುತ್ತದೆ. ದಾರದಲ್ಲಿ ಕಟ್ಟಿ.

ತಿಗರಿ ಒಯ್ಯಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಸಂಘಟಕರಿಗೆ ಅದು ಬಲು ಇಷ್ಟ, ಜನ ಸೇರುತ್ತಾರೆ. ಆದರೆ ಸೇರಿದ ಜನ ನಿಮ್ಮ ಮೇಜಿಗೆ ಅಡ್ಡ ನಿಂತು ವೀಡಿಯೊ ಮಾಡುತ್ತಾರೆ. ಕೊಳ್ಳುವವರು ಒಳಗೆ ಬರಲಾಗದೆ ಮುಂದೆ ಹೋಗುತ್ತಾರೆ. ಒಬ್ಬರು ಕೆಸರು ಕೈಯಲ್ಲಿ ಕೂತರೆ ಬಿಲ್ ಮಾಡುವವರು ಒಬ್ಬರೇ. ಮೊದಲ ಮೇಳಕ್ಕೆ ತಿಗರಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ತರಗತಿಗಳಿಗೆ ಜನ ಬೇಕಿದ್ದರೆ ಒಂದು ಚೀಟಿ ಮುದ್ರಿಸಿ ಇಡಿ.

9. ಮಾರಾಟದ ಹೊತ್ತು

ಯುಪಿಐ ಇದ್ದರೂ ಚಿಲ್ಲರೆ ಇಟ್ಟುಕೊಳ್ಳಿ. ಭಾನುವಾರ ಸಂಜೆ ಜನಜಂಗುಳಿಯಲ್ಲಿ ನೆಟ್‌ವರ್ಕ್ ನಿಂತೇ ಹೋಗುತ್ತದೆ. ಎರಡು ಬೇರೆ ಕಂಪನಿಯ ಸಿಮ್ ಇರುವ ಎರಡು ಫೋನ್ ಇರಲಿ. 'ಹಣ ಹೋಗಿದೆ' ಎಂದು ಗಿರಾಕಿ ಪರದೆ ತೋರಿಸಿದರೆ ಸಾಲದು, ನಿಮ್ಮ ಫೋನ್‌ಗೆ ಬಂತಾ ನೋಡಿ.

ಚೌಕಾಸಿ ಇದ್ದೇ ಇರುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಆದರೆ ಎಷ್ಟಕ್ಕೆ ಇಳಿಯುತ್ತೀರಿ ಎಂದು ಹಿಂದಿನ ದಿನವೇ ಎಲ್ಲರೂ ಕೂತು ಒಪ್ಪಿಕೊಂಡಿರಿ. ಇಲ್ಲದಿದ್ದರೆ ನೀವು "ಆಗಲ್ಲಮ್ಮ" ಎಂದದ್ದನ್ನು ನಿಮ್ಮ ಸಹಾಯಕ ಹುಡುಗ ಹತ್ತು ನಿಮಿಷದಲ್ಲಿ ಕಡಿಮೆಗೆ ಕೊಟ್ಟಿರುತ್ತಾನೆ. ಒಂದಕ್ಕೆ ಇಳಿಸುವ ಬದಲು ನಾಲ್ಕು ತೆಗೆದುಕೊಂಡರೆ ಇಷ್ಟು ಎಂದು ಹೇಳಿ.

ಗ್ಲೇಜ್ ಹರಿದ, ಬಣ್ಣ ಕೆಟ್ಟ, ಆದರೆ ಗಟ್ಟಿ ಇರುವ ಸಾಮಾನುಗಳನ್ನು 'ಸೆಕೆಂಡ್ಸ್' ಎನ್ನುತ್ತಾರೆ. ಇವುಗಳ ಬುಟ್ಟಿಯನ್ನು ಮೊದಲ ದಿನ ಹೊರಗಿಟ್ಟರೆ ಎಲ್ಲರ ಕೈ ಅಲ್ಲಿಗೇ ಹೋಗುತ್ತದೆ. ಕೊನೆಯ ದಿನ ಮಧ್ಯಾಹ್ನ ತೆಗೆಯಿರಿ.

ಆರ್ಡರ್ ಬಂದರೆ ಖುಷಿಯಲ್ಲಿ ದಿನಾಂಕ ಹೇಳಿಬಿಡಬೇಡಿ. ಮುಂದಿನ ಗ್ಲೇಜ್ ಸುಡುವ ದಿನ ನೋಡಿ, ಅದಕ್ಕೆ ಎರಡು ವಾರ ಸೇರಿಸಿ ಹೇಳಿ. ಅರ್ಧ ಹಣ ಮುಂಗಡ ತೆಗೆದುಕೊಳ್ಳಿ. ಬಣ್ಣ ಇಲ್ಲಿ ಕಂಡದ್ದಕ್ಕಿಂತ ಸ್ವಲ್ಪ ಬೇರೆ ಬರಬಹುದು ಎಂಬುದನ್ನು ರಸೀದಿಯ ಮೇಲೇ ಬರೆಯಿರಿ.

10. ಗ್ಯಾಲರಿ ಪ್ರದರ್ಶನಕ್ಕಾದರೆ

ಇಲ್ಲಿ ನಿಮ್ಮ ಪರವಾಗಿ ಮಾತಾಡುವುದು ಫೋಟೊ. ಸಮಿತಿಯವರು ಮಡಕೆಯನ್ನು ಮುಟ್ಟುವುದು ಆಯ್ಕೆಯಾದ ಮೇಲೆ. ಬೂದು ಅಥವಾ ಬಿಳಿ ಹಿನ್ನೆಲೆ, ಕಿಟಕಿಯ ಓರೆ ಬೆಳಕು, ಒಂದು ಪೂರ್ತಿ ಚಿತ್ರ, ಒಂದು ಹತ್ತಿರದ್ದು. ತಿಂಡಿ, ಹೂವು, ಗಿಡ ಇಟ್ಟು ತೆಗೆದ ಇನ್‌ಸ್ಟಾಗ್ರಾಂ ಫೋಟೊಗಳನ್ನು ಕಳಿಸಬೇಡಿ. ಕೃತಿಯ ಹೆಸರು, ವರ್ಷ, ಮಣ್ಣು ಮತ್ತು ಸುಟ್ಟ ವಿಧಾನ, ಅಳತೆ, ತೂಕ, ಬೆಲೆ ಇವಿಷ್ಟೂ ಪಟ್ಟಿಯಲ್ಲಿ ಇರಲಿ. ತೂಕ ಬರೆಯುವುದನ್ನು ಬಹಳ ಜನ ಬಿಡುತ್ತಾರೆ. ಪೀಠ ಭಾರ ತಡೆಯುತ್ತದಾ ಎಂದು ಗ್ಯಾಲರಿಗೆ ತಿಳಿಯುವುದು ಅದರಿಂದಲೇ.

ಕಲಾವಿದರ ಹೇಳಿಕೆ ಎಂದು ಅರ್ಧ ಪುಟ ಕೇಳುತ್ತಾರೆ. ಮಣ್ಣು, ಬದುಕು, ಪಂಚಭೂತ ಎಂದು ಬರೆದ ಹೇಳಿಕೆಗಳನ್ನು ಅವರು ದಿನಾ ಓದಿರುತ್ತಾರೆ. ನೀವು ಯಾವ ಮಣ್ಣು ಬಳಸಿದಿರಿ, ಅದರಲ್ಲಿ ಏನು ಮಾಡಲು ಹೊರಟಿರಿ ಎಂಬುದನ್ನು ನೇರವಾಗಿ ಬರೆಯಿರಿ.

ಗ್ಯಾಲರಿಯ ಪಾಲು ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಇರುತ್ತದೆ. ಇದು ಸೇರಿದ ಬೆಲೆಯನ್ನೇ ಮೊದಲಿನಿಂದ ಇಡಿ. ಒಡೆದರೆ ಯಾರ ಹೊಣೆ, ವಿಮೆ ಇದೆಯಾ, ಹಣ ಎಷ್ಟು ದಿನದಲ್ಲಿ ಬರುತ್ತದೆ, ಮಾರಾಟವಾಗದ್ದನ್ನು ವಾಪಸ್ ಕಳಿಸುವ ಖರ್ಚು ಯಾರದ್ದು ಎಂಬ ನಾಲ್ಕು ಪ್ರಶ್ನೆಗಳಿಗೆ ಒಪ್ಪಂದದಲ್ಲಿ ಉತ್ತರ ಇರಬೇಕು. ಕೃತಿ ಒಪ್ಪಿಸುವಾಗ ಸುತ್ತಲೂ ಫೋಟೊ ತೆಗೆದು, ಸ್ಥಿತಿ ಹೀಗಿದೆ ಎಂದು ಬರೆದು ಸಹಿ ಹಾಕಿಸಿಕೊಳ್ಳಿ.

ಸೆರಾಮಿಕ್ಸ್‌ಗೆಂದೇ ನಡೆಯುವ ದೊಡ್ಡ ಪ್ರದರ್ಶನಗಳನ್ನೂ ಗಮನಿಸುತ್ತಿರಿ. ಇಂಡಿಯನ್ ಸೆರಾಮಿಕ್ಸ್ ಟ್ರಿಯೆನಾಲೆ 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ಮೊದಲ ಬಾರಿ ನಡೆಯಿತು. ಅಲ್ಲಿ ಏನಿತ್ತು ಎಂದು ನೋಡಿದರೆ ಮಣ್ಣಿನಲ್ಲಿ ಎಷ್ಟು ದೂರ ಹೋಗಬಹುದು ಎಂಬ ಅಂದಾಜು ಸಿಗುತ್ತದೆ.

11. ಮೇಳ ಮುಗಿದ ರಾತ್ರಿ ಮತ್ತು ಮರುವಾರ

ಬರುವಾಗ ಜೋಪಾನ ಮಾಡಿದ ಸಾಮಾನು ಹೋಗುವಾಗ ಒಡೆಯುತ್ತದೆ. ಎಲ್ಲರಿಗೂ ಸುಸ್ತು, ಗಾಡಿಯವನು ಹಾರ್ನ್ ಹೊಡೆಯುತ್ತಾನೆ, ಪೇಪರ್ ಎಲ್ಲಾ ಗಿರಾಕಿಗಳಿಗೆ ಸುತ್ತಿ ಕೊಟ್ಟು ಮುಗಿದಿರುತ್ತದೆ. ವಾಪಸ್ ಪ್ಯಾಕಿಂಗ್‌ಗೆ ಬೇಕಾದ ಪೇಪರ್, ಟೇಪನ್ನು ಮೊದಲ ದಿನವೇ ಒಂದು ಡಬ್ಬದಲ್ಲಿ ಮುಚ್ಚಿ 'ಮುಟ್ಟಬೇಡಿ' ಎಂದು ಬರೆದಿಡಿ. ಇಳಿಸಿದ ಡಬ್ಬಗಳನ್ನು ಮಾರನೆಯ ದಿನವೇ ಬಿಚ್ಚಿ ಎಣಿಸಿ. ಒಯ್ದದ್ದು, ಮಾರಿದ್ದು, ಒಡೆದದ್ದು, ಉಳಿದದ್ದು ಎಂದು ನಾಲ್ಕು ಸಾಲು ಸಾಕು. ಜನ ಕೇಳಿ, ನಿಮ್ಮ ಬಳಿ ಇರದ ವಸ್ತುಗಳನ್ನು ಐದನೇ ಸಾಲಿನಲ್ಲಿ ಬರೆಯಿರಿ. ಮುಂದಿನ ಮೇಳಕ್ಕೆ ಏನು ಮಾಡಬೇಕೆಂಬುದು ಆ ಸಾಲಿನಲ್ಲೇ ಇರುತ್ತದೆ.

ಆರ್ಡರ್ ಕೊಟ್ಟವರಿಗೆ ಒಂದು ವಾರದೊಳಗೆ ಸಂದೇಶ ಕಳಿಸಿ. ಠೇವಣಿ ಕಟ್ಟಿದ್ದರೆ ಸಂಘಟಕರಿಂದ ಆ ಹಣವನ್ನು ಕೇಳಿ ಪಡೆಯಿರಿ, ಕೇಳದಿದ್ದರೆ ಅದು ತಾನಾಗಿ ಬರುವುದು ಕಡಿಮೆ. ಹಾಗೆಯೇ ಮುಂದಿನ ವರ್ಷದ ಅರ್ಜಿ ಯಾವಾಗ ಬಿಡುತ್ತಾರೆ ಎಂದೂ ಅದೇ ಫೋನ್‌ನಲ್ಲಿ ವಿಚಾರಿಸಿಬಿಡಿ.